ಹೆಸರುಕಾಳಿನ ಉಸಿರು ಅಳೆದ ಕತೆ

ಹೆಸರುಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮಾರನೇ ದಿನ ಗಂಟಿನೊಳಗೆ ಬೆರಳು ಹಾಕಿ ನೋಡಿ. ಬೆಚ್ಚಗಿರುತ್ತದೆ. ಕಾಳು ಉಸಿರಾಡುತ್ತಿರುವ ಬಿಸಿ ಅದು. ಹೈಸ್ಕೂಲು ಮಕ್ಕಳಿಗೆ ಇದನ್ನು ಎಷ್ಟೋ ವರ್ಷ ಬರೀ ಬಾಯಲ್ಲೇ ಹೇಳಿದ್ದೆ. "ಎಷ್ಟು ಉಸಿರಾಡುತ್ತೆ ಸರ್?" ಅಂತ ಒಬ್ಬಳು ಕೇಳಿದ ಮೇಲೆ ಅಳೆಯಲು ಕೂತೆ.

ಬೇಕಾಗಿದ್ದು 20 ಮಿಲಿಲೀಟರಿನ ಎರಡು ಸಿರಿಂಜ್, 1 ಮಿಲಿಲೀಟರಿನ ಎರಡು ಗಾಜಿನ ಪಿಪೆಟ್ (ಅಳತೆಯ ಗೆರೆಗಳಿರುವ ಸಪೂರ ಕೊಳವೆ), ಗಿಡ್ಡನೆಯ ರಬ್ಬರ್ ಕೊಳವೆ, ಹತ್ತಿ. ಸಿರಿಂಜಿನ ತುದಿಗೆ ಒಂಚೂರು ಒಣ ಹತ್ತಿ, ಮೇಲೆ 5 ಗ್ರಾಂ ಮೊಳಕೆಕಾಳು, ಮತ್ತೆ ಒಣ ಹತ್ತಿ, ಕೊನೆಗೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದ ನಾಲ್ಕೈದು ಹನಿ ಹಾಕಿದ ಹತ್ತಿ. ಆಮೇಲೆ ಪ್ಲಂಜರ್. ತುದಿಗೆ ರಬ್ಬರ್ ಕೊಳವೆಯಿಂದ ಪಿಪೆಟ್ ಜೋಡಿಸಿ ಅಡ್ಡ ಮಲಗಿಸಿದೆ. ಪಿಪೆಟ್ಟಿನ ಹೊರಬಾಯಿಗೆ ಬಣ್ಣದ ಸೋಪುನೀರಿನ ಒಂದು ಹನಿ. ಕಾಳು ಆಮ್ಲಜನಕ ಎಳೆದುಕೊಂಡಂತೆ ಹನಿ ಒಳಗೆ ಸರಿಯಬೇಕು.

ಆ ದ್ರಾವಣ ಕೈ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅದನ್ನು ಕೈಗವಸು, ಕನ್ನಡಕ ಹಾಕಿಕೊಂಡು ನಾನೇ ಹಾಕುತ್ತೇನೆ, ಮಕ್ಕಳಿಗೆ ಬಿಡುವುದಿಲ್ಲ. ಅದು ಬೇಕೇ ಬೇಕಾ? ಬೇಕು. ಒಮ್ಮೆ ಅದಿಲ್ಲದೆ ಮಾಡಿದೆ, ಹನಿ ಇದ್ದಲ್ಲೇ ನಿಂತಿತು. ಹೆಸರುಕಾಳು ಎಷ್ಟು ಆಮ್ಲಜನಕ ತಗೊಳ್ಳುತ್ತದೋ ಹೆಚ್ಚುಕಡಿಮೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಯ ಗಾತ್ರ ಬದಲಾಗುವುದೇ ಇಲ್ಲ. ಬಿಟ್ಟಿದ್ದನ್ನು ಆ ದ್ರಾವಣ ಹೀರಿದರೆ ಮಾತ್ರ ತಗೊಂಡಿದ್ದು ಕಾಣುತ್ತದೆ.

ಮೊದಲ ದಿನ ಹನಿ ಒಳಗೆ ಬರುವ ಬದಲು ಹೊರಗೆ ಓಡಿತು! ಸಿರಿಂಜನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ನನ್ನ ಅಂಗೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿತ್ತು. ಕಿಟಕಿಯಿಂದ ಬಿಸಿಲು ಬಿದ್ದರೂ ಹೀಗೇ, ಫ್ಯಾನ್ ಹಾಕಿದರೂ ಹನಿ ಕದಲುತ್ತದೆ. ಈಗ ಸಿರಿಂಜ್ ನೀರಿನ ಟಬ್ಬಿನಲ್ಲಿ ಮುಳುಗಿರುತ್ತದೆ, ಪಿಪೆಟ್ಟಿನ ಬಾಯಿ ಮಾತ್ರ ಹೊರಗೆ. ಹತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ಹನಿ ಇಡುತ್ತೇನೆ. 1780ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಗಿನಿಯಿಲಿಯನ್ನು ಮಂಜುಗಡ್ಡೆಯ ನಡುವೆ ಕೂರಿಸಿ, ಕರಗಿದ ನೀರಿನಿಂದ ಅದರ ಮೈ ಬಿಸಿ ಅಳೆದರು. ಹೊರಗಿನ ಬಿಸಿ ಒಳಗೆ ಬರದಂತೆ ಸುತ್ತಲೂ ಇನ್ನೊಂದು ಪದರ ಮಂಜುಗಡ್ಡೆ ತುಂಬಿದ್ದರು. ಅವರನ್ನು ಕಾಡಿದ್ದೂ ಹೊರಗಿನ ಬಿಸಿಯೇ.

ಎರಡನೇ ಸಿರಿಂಜ್ ಹೋಲಿಕೆಗೆ. ಬೇಯಿಸಿದ ಕಾಳು ಉಸಿರಾಡುವುದಿಲ್ಲ ಅಲ್ವಾ? ಅದನ್ನೇ ಹಾಕಿದೆ. ಮೊದಲ ದಿನ ಹನಿ ಕದಲಲಿಲ್ಲ. ಅದೇ ಕಾಳನ್ನು ರಾತ್ರಿಯಿಡೀ ಹಾಗೇ ಇಟ್ಟು ಮಾರನೇ ದಿನ ಮತ್ತೆ ಜೋಡಿಸಿದರೆ, ಹನಿ ಒಳಗೆ ಸರಿಯತೊಡಗಿತು. "ಸತ್ತ ಕಾಳೂ ಉಸಿರಾಡ್ತಿದೆ ಸರ್!" ಅಂತ ಮಕ್ಕಳು ಕೂಗಿದರು. ಪ್ಲಂಜರ್ ತೆಗೆದರೆ ಹಳಸಿದ ವಾಸನೆ. ಉಸಿರಾಡುತ್ತಿದ್ದದ್ದು ಕಾಳಲ್ಲ, ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಾ. ಅವತ್ತಿನಷ್ಟು ಖುಷಿಯ ಪಾಠ ನಾನು ಮಾಡಿದ್ದು ಕಡಿಮೆ. ಈಗ ಹೋಲಿಕೆಗೆ ಗಾಜಿನ ಮಣಿ ಹಾಕುತ್ತೇನೆ. ಅಳತೆ ಜಾಡಿಯ ನೀರಿಗೆ ಕಾಳು ಹಾಕಿ ನೀರು ಎಷ್ಟು ಏರುತ್ತದೆ ನೋಡಿ, ಅಷ್ಟೇ ಏರಿಸುವಷ್ಟು ಮಣಿ.

ಒಂದು ದಿನದ ಲೆಕ್ಕ ಹೇಳುತ್ತೇನೆ. ನೀರು 27 ಡಿಗ್ರಿ ಇತ್ತು. 5 ನಿಮಿಷದಲ್ಲಿ ಕಾಳಿನ ಸಿರಿಂಜಿನ ಹನಿ 0.14 ಮಿಲಿಲೀಟರ್ ಒಳಗೆ ಬಂತು. ಮಣಿಯದ್ದು 0.02. ಕಳೆದರೆ 0.12. ಗಂಟೆಗೆ 1.44. 5 ಗ್ರಾಮಿನಿಂದ ಭಾಗಿಸಿದರೆ, ಗ್ರಾಮಿಗೆ ಗಂಟೆಗೆ ಸುಮಾರು 0.29 ಮಿಲಿಲೀಟರ್ ಆಮ್ಲಜನಕ. ಐಸ್ ಹಾಕಿ ನೀರನ್ನು 17 ಡಿಗ್ರಿಗೆ ಇಳಿಸಿದಾಗ ಇದು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂತು. ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಒಂದೇ ಗಾಳಿಯಲ್ಲಿ ಅಳೆಯಬೇಡಿ. ಸಿರಿಂಜಿನೊಳಗಿನ ಗಾಳಿಯಲ್ಲಿ ಆಮ್ಲಜನಕ ಇರುವುದೇ ಐದರಲ್ಲಿ ಒಂದು ಪಾಲು. ಪ್ಲಂಜರ್ ತೆಗೆದು ಹೊಸ ಗಾಳಿ ಆಡಿಸಿ.

ಒಣ ಜೋಳ ಹಾಕಿ ನೋಡಿದಾಗ ಹನಿ ಮಣಿಯ ಹನಿಯಷ್ಟೇ ಸರಿಯಿತು. ಅಂದರೆ ಸೊನ್ನೆ. ಆದರೆ ನನಗೆ ನಮ್ಮಜ್ಜ ನೆನಪಾದರು. ಧಾರವಾಡದ ಕಡೆ ನಮ್ಮೂರಲ್ಲಿ ಜೋಳ ತುಂಬುತ್ತಿದ್ದದ್ದು ನೆಲದೊಳಗಿನ ಹಗೇವಿನಲ್ಲಿ. ಬಾಯಿ ತೆಗೆದ ಕೂಡಲೇ ಅಜ್ಜ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ಒಳಗೆ ಆಮ್ಲಜನಕ ಸಾಲದೆ ದೀಪ ಆರಿದರೆ ಕಾಯಬೇಕು. ಸೊನ್ನೆ ಉಸಿರಾಡುವ ಕಾಳು ದೀಪ ಆರಿಸುವುದು ಹೇಗೆ?

ಹಗೇವಿನಲ್ಲಿ ನೆಲದ ತೇವ ಇರುತ್ತದೆ, ಹುಳು, ಬೂಷ್ಟು ಇರುತ್ತವೆ, ಅವೂ ಉಸಿರಾಡುತ್ತವೆ ನಿಜ. ಜೋಳ ಒಂದನ್ನೇ ನೋಡಬೇಕೆಂದು ಗಾಜಿನ ಜಾಡಿಯ ತುಂಬ ಒಣ ಜೋಳ ಹಾಕಿ, ಮುಚ್ಚಳಕ್ಕೆ ಮೇಣ ಮೆತ್ತಿ, ತಿಂಗಳು ಇಟ್ಟೆ. ಪಕ್ಕದಲ್ಲಿ ಮಣಿ ತುಂಬಿದ ಜಾಡಿ. ಆಮೇಲೆ ಎರಡರ ಗಾಳಿಯನ್ನೂ ಸಿರಿಂಜಿನಲ್ಲಿ ಎಳೆದು, ಇಂಗಾಲದ ಡೈಆಕ್ಸೈಡ್ ಸೇರಿದರೆ ಬೆಳ್ಳಗಾಗುವ ಸುಣ್ಣದ ತಿಳಿನೀರಿಗೆ ಬಿಟ್ಟೆ. ಮಣಿಯ ಗಾಳಿಗೆ ನೀರು ತಿಳಿಯಾಗೇ ಉಳಿಯಿತು. ಜೋಳದ ಗಾಳಿಗೆ ತೆಳುವಾಗಿ ಹಾಲಿನಂತೆ ಬಿಳುಪೇರಿತು.