ಲಕೋಟೆ ಮೇಲಿನ ಸಹಿ: ವಾಷಿಂಗ್ಟನ್ ರಾಜ್ಯದ 19ನೇ ಕ್ಷೇತ್ರಕ್ಕೆ ಹೊಸದಾಗಿ ಬಂದವರಿಗೆ

ಲಾಂಗ್‌ವ್ಯೂಗೆ ಹೊಸದಾಗಿ ಬಂದ ಹಾಸನದ ದಂಪತಿ ಮೊನ್ನೆ ಊಟಕ್ಕೆ ಬಂದಿದ್ದರು. ಇಬ್ಬರಿಗೂ ಈಗಷ್ಟೇ ಪೌರತ್ವ ಸಿಕ್ಕಿದೆ. "ಇಲ್ಲಿ ಓಟು ಹಾಕೋದು ಸುಲಭ ಅಲ್ವಾ ಅಕ್ಕ? ಮತಪತ್ರ ಮನೆಗೇ ಬರುತ್ತಲ್ಲ" ಎಂದಳು ಹುಡುಗಿ. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಿಯಾಟಲ್‌ನಿಂದ ಬಂದವರು ಇಲ್ಲಿಯ ರಾಜಕೀಯವೂ ಅಲ್ಲಿಯ ಹಾಗೇ ಅಂದುಕೊಳ್ಳುತ್ತಾರೆ. ಅಲ್ಲ. ಅಬರ್ಡೀನ್, ರೇಮಂಡ್, ಲಾಂಗ್ ಬೀಚ್, ಕ್ಯಾಥ್ಲಾಮೆಟ್ ಎಲ್ಲ ಸೇರಿದ ಕ್ಷೇತ್ರ ಇದು. ಮರದ ಮಿಲ್ಲು, ಮೀನು, ವಿಲಾಪಾ ಕೊಲ್ಲಿಯ ಆಯ್ಸ್ಟರ್, ಕ್ರ್ಯಾನ್‌ಬೆರಿ ಇವೇ ಹಳೆಯ ಜೀವನಾಧಾರ. ಮಿಲ್ಲಿನ, ಬಂದರಿನ ಯೂನಿಯನ್ ಜನ ತಲೆಮಾರುಗಳಿಂದ ಡೆಮಾಕ್ರಟರು. ಅಬರ್ಡೀನ್ ಇರುವ ಗ್ರೇಸ್ ಹಾರ್ಬರ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 1932ರಿಂದ 2012ರವರೆಗೆ ಒಂದೇ ಒಂದು ಅಧ್ಯಕ್ಷ ಚುನಾವಣೆಯಲ್ಲೂ ರಿಪಬ್ಲಿಕನ್ನರನ್ನು ಗೆಲ್ಲಿಸಿರಲಿಲ್ಲ. 2016ರಲ್ಲಿ ಟ್ರಂಪ್ ಗೆದ್ದರು. ಅದೇ ವರ್ಷ ರಿಪಬ್ಲಿಕನ್ ಜಿಮ್ ವಾಲ್ಷ್ ಕೂದಲೆಳೆ ಅಂತರದಲ್ಲಿ ಇಲ್ಲಿಂದ ಶಾಸಕರಾದರು. 2020ರಲ್ಲಿ ಡೆಮಾಕ್ರಟ್ ಆಗಿದ್ದ ರಾಜ್ಯ ಸೆನೆಟರ್ ಡೀನ್ ಟಾಕೊ ಸೋತರು. ಅದೇ ಪಕ್ಷದ, ಹದಿನೆಂಟು ವರ್ಷ ಶಾಸಕರಾಗಿದ್ದ ಬ್ರಯಾನ್ ಬ್ಲೇಕ್ ಕೂಡ ಸೋತರು. ಮೂರೂ ಸೀಟು ರಿಪಬ್ಲಿಕನ್ನರ ಪಾಲಾಯಿತು.

ಕಾರಣ ಕೇಳಿದರೆ ನಮ್ಮ ಪಕ್ಕದ ಮನೆಯ, ಮಿಲ್ಲಿನಲ್ಲಿ ದುಡಿದ ಅಜ್ಜ 1990ಕ್ಕೆ ಹೋಗುತ್ತಾರೆ. ಆ ವರ್ಷ ಚುಕ್ಕೆ ಗೂಬೆಯನ್ನು ಅಳಿವಿನ ಭೀತಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು, ಅದರ ನೆಲೆ ಉಳಿಸಲೆಂದು ಫೆಡರಲ್ ಕಾಡಿನಲ್ಲಿ ಮರ ಕಡಿಯುವುದು ಪಾತಾಳಕ್ಕೆ ಇಳಿಯಿತು. ಯಂತ್ರ ಬಂದು ಕೆಲಸ ಹೋದದ್ದೂ ನಿಜ. ಆದರೆ ಅಜ್ಜ ಗೂಬೆ ಕೂರಿಸುವುದು ಗೂಬೆಯ ಮೇಲೇ. ಕುಂದಾಪುರದವಳಾದ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಒಂದು ಕಾಲದಲ್ಲಿ ಕಾಂಗ್ರೆಸ್ಸಿನದೇ ಆಗಿದ್ದ ಕರಾವಳಿ ಮಗ್ಗುಲು ಬದಲಿಸಿದ್ದನ್ನು ನೋಡಿಯೇ ಬೆಳೆದವರು ನಾವು.

ವ್ಯವಸ್ಥೆ ಹೀಗಿದೆ. ಒಂದೇ ಕ್ಷೇತ್ರದಿಂದ ಒಬ್ಬ ಸೆನೆಟರ್, ಇಬ್ಬರು ಶಾಸಕರು. ಇಂಥ 49 ಕ್ಷೇತ್ರಗಳು. ಆಗಸ್ಟಿನಲ್ಲಿ ಪ್ರೈಮರಿ. ಅದರಲ್ಲಿ ಯಾವ ಪಕ್ಷದವರಾದರೂ ಸರಿ, ಮೊದಲ ಇಬ್ಬರು ಮಾತ್ರ ನವೆಂಬರಿನ ಅಂತಿಮ ಚುನಾವಣೆಗೆ ಹೋಗುತ್ತಾರೆ. ಒಂದೇ ಪಕ್ಷದ ಇಬ್ಬರೂ ಆಗಬಹುದು. ಆದ್ದರಿಂದ ಆಗಸ್ಟನ್ನು ಬಿಟ್ಟರೆ ಅರ್ಧ ಚುನಾವಣೆ ಬಿಟ್ಟಂತೆ.

ಈಗ ನನ್ನ ಎಡವಟ್ಟಿಗೆ ಬರುತ್ತೇನೆ. 2024ರ ಪ್ರೈಮರಿ ಆಗಸ್ಟ್ 6ಕ್ಕಿತ್ತು. ಜುಲೈ ಕೊನೆಗೇ ಮತಪತ್ರ ತುಂಬಿ, ಲಕೋಟೆಯ ಮೇಲೆ ಸಹಿ ಹಾಕಿ, ಡ್ರಾಪ್ ಬಾಕ್ಸಿಗೆ (ಮತಪತ್ರ ಹಾಕುವ ಪೆಟ್ಟಿಗೆಗೆ) ಹಾಕಿ, ತಂಗಿಯ ಮಗಳ ಮದುವೆಗೆ ಊರಿಗೆ ಹೊರಟೆ. ಸಹಿ ಹಾಕಿದ್ದು ಇಂಗ್ಲಿಷಿನಲ್ಲಿ, ಆಫೀಸಿನಲ್ಲಿ ದಿನಾ ಗೀಚುವ ಹಾಗೆ. ಆದರೆ ಚುನಾವಣಾ ದಾಖಲೆಗೆ ಹೋಗಿದ್ದು ಡ್ರೈವಿಂಗ್ ಲೈಸೆನ್ಸಿನ ಸಹಿ. ಅದು ವರ್ಷಗಳ ಹಿಂದೆ ಕನ್ನಡದಲ್ಲಿ ಹಾಕಿದ್ದು, ಕೊನೆಯ ಅಕ್ಷರದ ಬಾಲ ಸುತ್ತಿ ಕೆಳಗೆ ಎರಡು ಚುಕ್ಕಿ ಇಟ್ಟದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಗಂಡನೂ ಒಬ್ಬಳದೇ ಅನ್ನುವುದಿಲ್ಲ!

ಲಕೋಟೆಯ ಸಹಿ ದಾಖಲೆಯ ಸಹಿಗೆ ಹೊಂದದಿದ್ದರೆ ಓಟನ್ನು ತಕ್ಷಣ ಬಿಸಾಡುವುದಿಲ್ಲ. ಕಾಗದ ಕಳಿಸುತ್ತಾರೆ, ಫೋನೂ ಮಾಡುತ್ತಾರೆ. ಆ ಫಾರಂಗೆ ಸಹಿ ಹಾಕಿ ಅಂಚೆಯಲ್ಲೋ ಇಮೇಲಿನಲ್ಲೋ ಕಳಿಸಿದರೆ ಮುಗಿಯಿತು. ಆದರೆ ಕೌಂಟಿಯವರು ಫಲಿತಾಂಶ ದೃಢೀಕರಿಸುವ ಹಿಂದಿನ ದಿನದೊಳಗೆ ಅದು ತಲುಪಬೇಕು. ಪ್ರೈಮರಿಗೆ ದೃಢೀಕರಣ ಚುನಾವಣೆಯಾದ 14ನೇ ದಿನ, ನವೆಂಬರಿನದಕ್ಕೆ 21ನೇ ದಿನ. ನನ್ನ ಅಮೆರಿಕದ ಸಿಮ್ ಕುಂದಾಪುರದ ಕಪಾಟಿನಲ್ಲಿತ್ತು. ಕಾಗದ ಇಲ್ಲಿ ಪಿಜ್ಜಾ ಕೂಪನ್ನುಗಳ ಕೆಳಗಿತ್ತು. ಬಂದು ಬಿಚ್ಚಿದಾಗ ಗಡುವು ಮುಗಿದು ನಾಲ್ಕು ದಿನವಾಗಿತ್ತು.

ಒಂದು ಓಟು ತಾನೇ ಅಂದುಕೊಳ್ಳುವ ಹಾಗೂ ಇರಲಿಲ್ಲ. ಅದೇ ಪ್ರೈಮರಿಯಲ್ಲಿ ರಾಜ್ಯದ ಕಾಡು, ಜಮೀನು ನೋಡಿಕೊಳ್ಳುವ ಕಮಿಷನರ್ ಹುದ್ದೆಗೆ ಏಳು ಜನ ನಿಂತಿದ್ದರು. ಐವರು ಡೆಮಾಕ್ರಟರು, ಇಬ್ಬರು ರಿಪಬ್ಲಿಕನ್ನರು. ಸುಮಾರು 19 ಲಕ್ಷ ಮತಗಳಲ್ಲಿ ಎರಡನೇ ಸ್ಥಾನ ಯಾರದೆಂದು ತೀರ್ಮಾನವಾದದ್ದು ಕೈಯಲ್ಲಿ ಮರು ಎಣಿಸಿದ ಮೇಲೆ. ಅಂತರ 49 ಮತ. ಡೆಮಾಕ್ರಟ್ ಡೇವ್ ಅಪ್‌ದಿಗ್ರೋವ್ ಹಾಗೆ ದಾಟಿ ನವೆಂಬರಿನಲ್ಲಿ ಗೆದ್ದರು. ರಾಜ್ಯದ ಕಾಡಿನ ಮರ ಎಷ್ಟು ಹರಾಜಾಗಬೇಕೆಂಬ ವಿಷಯದಲ್ಲಿ ದೊಡ್ಡ ಮಾತು ಆ ಹುದ್ದೆಯದೇ. ನಮ್ಮ ಕಡೆಯ ಕೌಂಟಿಗಳಿಗೆ, ಶಾಲೆಗಳಿಗೆ ಆ ಹರಾಜಿನಿಂದಲೂ ದುಡ್ಡು ಬರುತ್ತದೆ.

ಆದ್ದರಿಂದ ಲೈಸೆನ್ಸಿನಲ್ಲಿ ಇರುವ ಸಹಿಯನ್ನೇ ಹಾಕಿ. ಅದು ಮರೆತಿದ್ದರೆ ಕೌಂಟಿ ಕಚೇರಿಗೆ ಹೊಸ ಸಹಿ ಕೊಡಿ. ಓಟು ಹಾಕಿದ ಮೇಲೆ ರಾಜ್ಯದ ಚುನಾವಣಾ ಜಾಲತಾಣವಾದ ವೋಟ್‌ವಾದಲ್ಲಿ (VoteWA) ನಿಮ್ಮ ಮತಪತ್ರ ಸ್ವೀಕೃತವಾಯಿತಾ ಎಂದು ನೋಡಿ. ಪ್ರಯಾಣವಿದ್ದರೆ ಇನ್ನೂ ಜಾಸ್ತಿ ನೋಡಿ. ಕೊನೆಯ ದಿನ ಅಂಚೆ ಡಬ್ಬಿ ನಂಬಬೇಡಿ, ಅಂಚೆ ಮುದ್ರೆ ಮರುದಿನದ್ದು ಬಿದ್ದರೆ ಓಟು ಹೋಯಿತು. ರಾತ್ರಿ 8ರೊಳಗೆ ಡ್ರಾಪ್ ಬಾಕ್ಸಿಗೇ ಹಾಕಿ.

ನನ್ನನ್ನು ಕೇಳಿದರೆ ಬೆರಳಿಗೆ ಶಾಯಿ ಹಚ್ಚುವ ನಮ್ಮ ಪದ್ಧತಿಯೇ ವಾಸಿ. ಹೋಗಿ ಒತ್ತಿ ಬಂದರೆ ಆಯಿತು, ಒಂದೇ ದಿನದಲ್ಲಿ ಎಣಿಕೆ. ಆದರೆ ಇಲ್ಲಿ ಮನೆಗೆ ಬರುವ ಅಭ್ಯರ್ಥಿಗಳ ಕೈಪಿಡಿಯನ್ನು ಅಡುಗೆಮನೆ ಮೇಜಿನ ಮೇಲೆ ಹರಡಿ, ಕಾಫಿ ಕುಡಿಯುತ್ತಾ ಓದಿ ಓಟು ಹಾಕುವ ಸುಖ ಅಲ್ಲಿಲ್ಲ.

ಗ್ರೀನ್ ಕಾರ್ಡ್, ಎಚ್-1ಬಿಯವರಿಗೆ ಒಂದೇ ಮಾತು. ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿ ಬೇಕಾ ಎಂದು ಕೇಳಿದರೆ ಸುಮ್ನೆ ತಲೆ ಅಲ್ಲಾಡಿಸಬೇಡಿ. ನಾಗರಿಕರಲ್ಲದವರು ನಾಗರಿಕರೆಂದು ಟಿಕ್ ಹಾಕಿದರೆ ಗಡೀಪಾರಿನವರೆಗೂ ಹೋಗಬಹುದು.

ಇಷ್ಟು ಕೇಳಿದ ಹಾಸನದ ಹುಡುಗ ಅನ್ನ ಕಲಸುವುದನ್ನು ನಿಲ್ಲಿಸಿ, ಎಡಗೈಯಲ್ಲೇ ಪರ್ಸಿನಿಂದ ಲೈಸೆನ್ಸ್ ತೆಗೆದು ನೋಡಿದ. ಅವನದೂ ಕನ್ನಡ ಸಹಿ.