ಎರಡಾಗಿ ಕಾಣುತ್ತಿದ್ದ ಬೆಳ್ಳಿ ತಂತಿ ಮತ್ತೆ ಒಂದಾದದ್ದು

ಬೀದರಿನಲ್ಲಿ ಬಿದ್ರಿ ಕೆತ್ತನೆಗೆ ಕುಳಿತು ನನಗೆ ಸುಮಾರು 22 ವರ್ಷಗಳಾದವು. ಮೈಲುತುತ್ತ ಬಳಿದ ಪಾತ್ರೆಯ ಮೇಲೆ ಗೆರೆ ಎಳೆದು, ಉಳಿಯಿಂದ ತೋಡಿ, ಬೆಳ್ಳಿ ತಂತಿ ಕೂರಿಸುವಾಗ ಕಣ್ಣಿಗೂ ಕೆಲಸಕ್ಕೂ ಒಂದು ಗೇಣಿನಷ್ಟೇ ಅಂತರವಿರುತ್ತದೆಂಬುದನ್ನು ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ. ನಾಲ್ಕು ವರ್ಷಗಳ ಹಿಂದೆ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಆ ತಂತಿ ಎರಡಾಗಿ ಕಾಣತೊಡಗಿತು, ಹುಬ್ಬಿನ ಮೇಲೆ ನೋವು ಏರುತ್ತಿತ್ತು. ಒಂದು ಕಣ್ಣು ಮುಚ್ಚಿದರೆ ತಂತಿ ಒಂದೇ ಆಗುತ್ತಿತ್ತು.

ಆ ವರ್ಷ ಒಂದು ಸುರಾಹಿಯ ಕತ್ತಿನ ಬಳ್ಳಿಯನ್ನು ತಪ್ಪಾಗಿ ತೋಡಿ, ಬೆಳ್ಳಿ ಮತ್ತು ಕೂಲಿ ಸೇರಿ ಆರು ಸಾವಿರ ರೂಪಾಯಿಯಷ್ಟು ಕಳೆದುಕೊಂಡೆ. ಕನ್ನಡಕದ ಅಂಗಡಿಯವರೊಬ್ಬರು ಎರಡು ಜೊತೆ ಕನ್ನಡಕ ಕೊಟ್ಟು ನಾಲ್ಕೂವರೆ ಸಾವಿರ ತೆಗೆದುಕೊಂಡರು. ಅಕ್ಷರ ಸ್ಪಷ್ಟವಾಯಿತು, ತಂತಿ ಎರಡಾಗಿಯೇ ಉಳಿಯಿತು. ಮೂರು ತಿಂಗಳು ಕಣ್ಣುಗುಡ್ಡೆ ತಿರುಗಿಸಿದೆ, ದೀಪದ ಮುಂದೆ ರೆಪ್ಪೆ ಮಿಟುಕಿಸದೆ ನೋಡುವ ತ್ರಾಟಕ ಮಾಡಿದೆ. ನೀರು ಸುರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಕೊನೆಗೆ ಕಲಬುರಗಿಯ ಕಣ್ಣಿನ ವೈದ್ಯರು ಬೇರೆ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಂಡು, ಪೆನ್ನಿನ ತುದಿಯನ್ನು ಮೂಗಿನ ಕಡೆಗೆ ತಂದು ಅಳೆದರು. ಸುಮಾರು 18 ಸೆಂಟಿಮೀಟರಿನಲ್ಲೇ ತುದಿ ಎರಡಾಯಿತು. ಎರಡೂ ಕಣ್ಣುಗಳು ಕೂಡಿ ಒಳಕ್ಕೆ ಹೊರಳುವ ಶಕ್ತಿ ಕುಂದಿದೆ ಎಂದರು. ಮೊದಲು ಪೆನ್ಸಿಲ್ ತುದಿಯನ್ನು ನೋಡುತ್ತ ಮೂಗಿನ ಹತ್ತಿರ ತರುವ ಪೆನ್ಸಿಲ್ ವ್ಯಾಯಾಮ ಮಾಡಿದೆ, ಫಲ ಅಲ್ಪ. 2008ರಲ್ಲಿ ಅಮೆರಿಕದಲ್ಲಿ ಇದೇ ತೊಂದರೆಯಿದ್ದ 221 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿಯೂ ಮನೆಯಲ್ಲಿ ಮಾಡುವ ಪೆನ್ಸಿಲ್ ವ್ಯಾಯಾಮಕ್ಕಿಂತ ಚಿಕಿತ್ಸಕರ ಎದುರಿನ ತರಬೇತಿಯೇ ಹೆಚ್ಚು ಗುಣ ಕೊಟ್ಟಿತ್ತೆಂದು ಆಮೇಲೆ ತಿಳಿಯಿತು.

ಆಗ ವೈದ್ಯರು ಕಲಿಸಿದ್ದು ಬ್ರಾಕ್ ದಾರ. ಒಂದೂವರೆ ಮೀಟರ್ ಹತ್ತಿ ದಾರಕ್ಕೆ ಮೂರು ಬಣ್ಣದ ಮಣಿ ಪೋಣಿಸಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಮೂಗಿಗೆ ಒತ್ತಿ ಹಿಡಿದೆ. ಖರ್ಚು ಮೂವತ್ತು ರೂಪಾಯಿ ದಾಟಲಿಲ್ಲ. ಮಣಿಯನ್ನು ನೋಡಿದಾಗ ದಾರ ಎರಡಾಗಿ, ಸರಿಯಾಗಿ ಆ ಮಣಿಯಲ್ಲೇ ಕತ್ತರಿಯಂತೆ ಕೂಡಬೇಕು. ನನಗೆ ಹತ್ತಿರದ ಕೆಂಪು ಮಣಿಯಲ್ಲಿ ಮೊದಲ ಮೂರು ವಾರ ಕತ್ತರಿ ಮಣಿಯ ಆಚೆಗೇ ಬೀಳುತ್ತಿತ್ತು, ಕೆಲವೊಮ್ಮೆ ಎಡಕಣ್ಣಿನ ದಾರ ಪೂರ್ತಿ ಮಾಯವಾಗುತ್ತಿತ್ತು. ದಾರ ನೋಡಿದರೆ ಕಣ್ಣು ಸರಿಹೋಗುತ್ತದೆಯೇ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಕೇಳಿದರು. ಆದರೂ ಬೆಳಿಗ್ಗೆ, ಸಂಜೆ ಏಳೆಂಟು ನಿಮಿಷ ಬಿಡದೆ ಮಾಡಿದೆ.

ನಡುವೆ ನಾನೇ ಒಂದು ಪ್ರಯೋಗ ಮಾಡಿದೆ: ಕೆಂಪು ಮಣಿಯ ಬದಲು ಸಣ್ಣ ಹೂ ಕೆತ್ತಿದ ಬಿದ್ರಿ ಗುಂಡಿ ಪೋಣಿಸಿದೆ. ನಯವಾದ ಮಣಿಯ ಮೇಲೆ ಜಾರುವ ನೋಟ ಎಸಳಿನ ಗೆರೆಗಳ ಮೇಲೆ ಗಟ್ಟಿಯಾಗಿ ನಿಂತಿತು. ಹೊಳೆಯುವ ಬೆಳ್ಳಿ ಚೂರು ಕಟ್ಟಿದಾಗ ಮಾತ್ರ ಕಣ್ಣು ಕೋರೈಸಿ ಕೆಲಸ ಕೆಟ್ಟಿತು. ಮಣಿಯಿಂದ ಮಣಿಗೆ ನೋಟ ಯಾವ ಲಯದಲ್ಲಿ ಹಾರಿಸಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಕುಳಿತವರಿಗೆ ತೋರಿಸುತ್ತೇನೆ.

ಮೂರು ತಿಂಗಳು ಮುಗಿಯುವ ಹೊತ್ತಿಗೆ 18 ಸೆಂಟಿಮೀಟರ್ ಇದ್ದದ್ದು ಏಳರ ಹತ್ತಿರ ಬಂತು, ವೈದ್ಯರೇ ಎರಡು ಸಲ ಅಳೆದು ನೋಡಿದರು. ಈಗ ಸಂಜೆ ಆರರವರೆಗೂ ತಂತಿ ಒಂದೇ. ಓದುವ ಕನ್ನಡಕದ ನಂಬರ್ ಮಾತ್ರ ಒಂದು ಗೀರೂ ಇಳಿಯಲಿಲ್ಲ. ವಯಸ್ಸಿಗೆ ಗಟ್ಟಿಯಾಗುವ ಮಸೂರವನ್ನು ಯಾವ ವ್ಯಾಯಾಮವೂ ಮೆತ್ತಗಾಗಿಸದು. ಒಂದು ಕಣ್ಣು ಮುಚ್ಚಿದರೂ ಎರಡಾಗಿ ಕಾಣುವವರು, ಇದ್ದಕ್ಕಿದ್ದಂತೆ ಎರಡು ಕಾಣತೊಡಗಿದವರು ದಾರ ಕಟ್ಟುತ್ತ ಕೂರದೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.