ಗೊರೂರು ಹಿನ್ನೀರಿಗೆ 18 ಅಡಿಯ ಫೈಬರ್ ಹಾಯಿದೋಣಿ: ನಾನು ಡಿಸೈನ್ ಮಾಡಿದ್ದು ಹೀಗೆ

ಹಾಸನದಲ್ಲಿ ನನ್ನದು ಫೈಬರ್‌ಗ್ಲಾಸ್ ವರ್ಕ್‌ಶಾಪ್. ನೀರಿನ ಟ್ಯಾಂಕ್, ಬಸ್ಸಿನ ಮುಂದಿನ ಶೋ, ಪಾರ್ಕಿನ ಜಾರುಬಂಡೆ, ಕಾಫಿ ತೋಟದವರಿಗೆ ಮೆಷಿನ್ನಿನ ಮುಚ್ಚಳ, ಇಂಥವೇ ಕೆಲಸ. ಹಾಯಿದೋಣಿಯ ಹುಚ್ಚು ಹತ್ತಿಸಿದ್ದು ಮನೆಯವರೇ ಇಬ್ಬರು. ಒಬ್ಬರು ಸಕಲೇಶಪುರದ ಭಾವ. ಅವರಿಗೆ ರಾತ್ರಿ ದೋಣಿಯಲ್ಲೇ ಮಲಗಬೇಕು, ಬೆಳಿಗ್ಗೆ ನೀರಿನ ಮಧ್ಯೆ ಕೂತು ಕಾಫಿ ಕುಡಿಯಬೇಕು. ಇನ್ನೊಬ್ಬ ಅವರ ಮಗ. ಮೈಸೂರಿನಲ್ಲಿ ಓದುವಾಗ ಕೆಆರ್‌ಎಸ್ ಹಿನ್ನೀರಿನಲ್ಲಿ ಲೇಸರ್ (ಒಬ್ಬರೇ ಓಡಿಸುವ ಚಿಕ್ಕ ರೇಸ್ ಹಾಯಿದೋಣಿ) ಓಡಿಸಲು ಕಲಿತವನು, ಅವನಿಗೆ ರೇಸ್ ಬಿಟ್ಟು ಬೇರೇನೂ ಕಾಣುವುದಿಲ್ಲ. "ಮಾವ, ಸ್ಟವ್ ಹಾಕಿದ್ರೆ ಅದು ದೋಣಿ ಅಲ್ಲ, ತೇಲೋ ಅಡುಗೆಮನೆ" ಅಂತ ಅವನು. "ಅವನ ಮಾತು ಕೇಳಿದ್ರೆ ಹಲಗೆ ಮೇಲೆ ಕೂತ್ಕೋಬೇಕಾಗತ್ತೆ ಅಷ್ಟೇ" ಅಂತ ಭಾವ. ಇಬ್ಬರಿಗೂ ಒಂದೇ ದೋಣಿ ಆಗಬೇಕಿತ್ತು, ಯಾಕೆಂದರೆ ದುಡ್ಡು ಒಂದೇ ದೋಣಿಗೆ ಇತ್ತು.

ಪುಸ್ತಕ, ಸಾಫ್ಟ್‌ವೇರ್ ಎಲ್ಲ ಆಮೇಲೆ. ಮೊದಲು ನಮ್ಮ ನೀರು ಎಂಥದ್ದು ಅಂತ ನೋಡಬೇಕಲ್ವಾ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಗರಿಷ್ಠ ಮಟ್ಟ 2,922 ಅಡಿ. ಮಳೆಗಾಲದಲ್ಲಿ ತುಂಬಿದರೆ ಸಮುದ್ರ, ಬೇಸಿಗೆಯಲ್ಲಿ ಅದೇ ಜಾಗದಲ್ಲಿ ದನ ಮೇಯುತ್ತವೆ. ಶೆಟ್ಟಿಹಳ್ಳಿಯ ಹಳೆ ಚರ್ಚ್ ಮುಳುಗಿ ಏಳುವುದನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ನೀರು ಅರ್ಧ ಇಳಿದಾಗ ಹಳೆ ಮರಗಳ ಬುಡ, ಮುಳುಗಡೆಯಾದ ಊರುಗಳ ಗೋಡೆ ಎಲ್ಲಿ ಒಂದಡಿ ಕೆಳಗೆ ಕಾಯುತ್ತಿರುತ್ತವೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಕೆಳಗೆ ಗಟ್ಟಿಯಾಗಿ ಕೂರಿಸಿದ ಕೀಲ್ (ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವ ತಳದ ರೆಕ್ಕೆ) ಬೇಡ ಅಂತ ಮೊದಲ ದಿನವೇ ತೀರ್ಮಾನ ಆಯಿತು. ಅದೇ ಕೆಲಸಕ್ಕೆ ಮೇಲೆತ್ತುವ ಫಲಕ, ಅಂದರೆ ಸೆಂಟರ್‌ಬೋರ್ಡ್ ಇಟ್ಟೆ. ಇಳಿಸಿದಾಗ ದೋಣಿಗೆ ನಾಲ್ಕು ಅಡಿ ಆಳ ನೀರು ಬೇಕು, ಎತ್ತಿದರೆ ಹತ್ತು ಇಂಚು ಸಾಕು.

ಹುಡುಗ ಡ್ಯಾಗರ್‌ಬೋರ್ಡ್ ಕೇಳಿದ್ದ, ಅಂದರೆ ನೇರ ಮೇಲಕ್ಕೆ ಎಳೆಯುವಂಥದ್ದು. ಅದು ನೀರನ್ನು ಚೆನ್ನಾಗಿ ಸೀಳುತ್ತದೆ, ಅದು ಕೂರುವ ಪೆಟ್ಟಿಗೆಯೂ ಚಿಕ್ಕದು, ನಿಜ. ಆದರೆ ಮರದ ಬುಡಕ್ಕೆ ಹೊಡೆದರೆ ಅದು ಹಿಂದೆ ಮಡಚಿಕೊಳ್ಳುವುದಿಲ್ಲ, ಪೆಟ್ಟಿಗೆಯನ್ನೇ ಸೀಳುತ್ತದೆ. ನಾನು ಒಪ್ಪಲಿಲ್ಲ. ತಿರುಗುವ ಬೋರ್ಡ್ ಹಾಕಿ, ಅದನ್ನು ಕೆಳಗೆ ಹಿಡಿದಿಡಲು ತೆಳ್ಳನೆ ನೈಲಾನ್ ದಾರ ಕಟ್ಟಿದೆ. ಡಿಕ್ಕಿಯಾದರೆ ದಾರ ಹರಿದು ಬೋರ್ಡ್ ಹಿಂದೆ ಸರಿಯುತ್ತದೆ. ದಾರ ಇಲ್ಲದಿದ್ದರೆ ದೋಣಿ ಪಕ್ಕಕ್ಕೆ ಮಗುಚಿದಾಗ ಬೋರ್ಡ್ ಪೆಟ್ಟಿಗೆಯೊಳಗೆ ಬಿದ್ದುಬಿಡುತ್ತದೆ, ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಪೆಟ್ಟಿಗೆ ಕ್ಯಾಬಿನ್ ಮಧ್ಯೆಯೇ ಬಂದಿದೆ, ಭಾವ ಈಗಲೂ ಗೊಣಗುತ್ತಾರೆ. ಅದರ ಮೇಲೆ ಮಡಚುವ ಹಲಗೆ ಹಾಕಿ ಊಟದ ಮೇಜು ಮಾಡಿಕೊಟ್ಟಿದ್ದೇನೆ.

ಗಾಳಿಯ ವಿಷಯಕ್ಕೆ ಬಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಕಡೆಯಿಂದ ನುಗ್ಗುವ ಪಶ್ಚಿಮದ ಗಾಳಿ, ಅದೂ ಒಂದೇ ಸಮನೆ ಅಲ್ಲ, ಗುದ್ದಿ ಗುದ್ದಿ ಬರುತ್ತದೆ. ಉಳಿದ ತಿಂಗಳು ಬೆಳಿಗ್ಗೆ ನೀರು ಅಲುಗುವುದೇ ಇಲ್ಲ, ಮಧ್ಯಾಹ್ನದ ಮೇಲೆ ಸ್ವಲ್ಪ ಬೀಸುತ್ತದೆ. ಇದರ ಜೊತೆಗೆ ಸಮುದ್ರದ ಪಕ್ಕ ಡಿಸೈನ್ ಮಾಡುವವರು ತಲೆಕೆಡಿಸಿಕೊಳ್ಳದ ಒಂದು ಸಂಗತಿ ಇದೆ. ನಾವಿರುವುದು ಸುಮಾರು 890 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಸುಮಾರು ಶೇ. 8 ಕಡಿಮೆ. ಅಂದರೆ ಅಷ್ಟೇ ವೇಗದ ಗಾಳಿ ಹಾಯಿಯನ್ನು ಶೇ. 8ರಷ್ಟು ಕಡಿಮೆ ತಳ್ಳುತ್ತದೆ. ಲೆಕ್ಕದಲ್ಲಿ 140 ಚದರ ಅಡಿ ಹಾಯಿ ಸಾಕು ಅಂತ ಬಂದಿದ್ದನ್ನು ಅದಕ್ಕೇ 150 ಮಾಡಿದೆ: ಮುಖ್ಯ ಹಾಯಿ 100, ಮುಂದಿನ ಜಿಬ್ 50. ಮುಖ್ಯ ಹಾಯಿಗೆ ಎರಡು ರೀಫ್, ಮಳೆಗಾಲದಲ್ಲಿ ಮಡಚಿ ಚಿಕ್ಕದು ಮಾಡಲು. ಉಪ್ಪುನೀರಿಗಿಂತ ಸಿಹಿನೀರು ಹಗುರ, ಹಾಗಾಗಿ ದೋಣಿ ಸ್ವಲ್ಪ ಜಾಸ್ತಿ ಮುಳುಗುತ್ತದೆ. 600 ಕೆಜಿ ದೋಣಿಗೆ ಅದು ಹದಿನೈದು ಲೀಟರ್ ಲೆಕ್ಕ ಅಷ್ಟೇ, ಬಿಟ್ಟುಬಿಟ್ಟೆ.

ಇನ್ನು ತೂಕ. ನನ್ನ ಪ್ರಕಾರ ರೇಸು, ಕ್ರೂಸು (ದೋಣಿಯಲ್ಲೇ ಉಂಡು ಮಲಗಿ ಆರಾಮಾಗಿ ತಿರುಗುವುದು) ಎರಡಕ್ಕೂ ಆಗುವ ದೋಣಿಯಲ್ಲಿ ಡಿಸೈನ್ ಅಂದರೆ ಮುಕ್ಕಾಲು ಪಾಲು ಇದೇ. ಉದ್ದ 18 ಅಡಿ, ನೀರಿನ ಮಟ್ಟದಲ್ಲಿ 16.5 ಅಡಿ, ಅಗಲ 7 ಅಡಿ. ಹಲ್ (ದೋಣಿಯ ಮೈ), ಡೆಕ್, ಮಾಸ್ಟ್ (ಹಾಯಿಕಂಬ), ಹಗ್ಗ ಎಲ್ಲ ಸೇರಿ 300 ಕೆಜಿ, ಬ್ಯಾಲಸ್ಟ್ (ಮಗುಚದಂತೆ ಕೆಳಗಿಡುವ ಭಾರ) 120, ಇಬ್ಬರು ಜನ 140, ಸಾಮಾನು 40. ಒಟ್ಟು 600 ಕೆಜಿ. ಹಾಯಿಯ ಅಳತೆಗೂ ತೂಕಕ್ಕೂ ಇರುವ ಅನುಪಾತ ತೆಗೆಯಲು ಒಂದು ಸೂತ್ರ ಇದೆ. ದೋಣಿ ಸರಿಸುವ ನೀರನ್ನು ಘನ ಅಡಿಯಲ್ಲಿ ತೆಗೆದುಕೊಂಡು, ಘನಮೂಲ ತೆಗೆದು, ವರ್ಗ ಮಾಡಿ, ಅದರಿಂದ ಹಾಯಿಯ ಚದರ ಅಡಿಯನ್ನು ಭಾಗಿಸುವುದು. ನಮ್ಮದಕ್ಕೆ ಸುಮಾರು 20 ಬಂತು. ಹೋಲಿಕೆಗೆ ಜೆ/24 ನೋಡಿ. ರಾಡ್ ಜಾನ್‌ಸ್ಟೋನ್ ಅಮೆರಿಕದಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲಿ ಕಟ್ಟಿಕೊಂಡ ದೋಣಿಯಿಂದ ಶುರುವಾಗಿ, ಆಮೇಲೆ ಲೋಕವೆಲ್ಲ ರೇಸ್ ಮಾಡಿದ ಫೈಬರ್ ದೋಣಿ ಅದು. 24 ಅಡಿ, 3,100 ಪೌಂಡ್, 261 ಚದರ ಅಡಿ ಹಾಯಿ. ಅದಕ್ಕೂ ಹತ್ತಿರ ಹತ್ತಿರ 20 ಬರುತ್ತದೆ. ಅಂದರೆ ನಾವು ಓಡುವ ಜಾತಿಯಲ್ಲೇ ಇದ್ದೇವೆ.

ಈಗ ಭಾವನ ಪಟ್ಟಿ ಸೇರಿಸಿ: ದಪ್ಪ ಹಾಸಿಗೆ, ಗ್ಯಾಸ್ ಸಿಲಿಂಡರ್, ಮರದ ಕಪಾಟು, ಐಸ್ ಪೆಟ್ಟಿಗೆ, ನೀರಿನ ಟ್ಯಾಂಕ್. ಸಲೀಸಾಗಿ 100 ಕೆಜಿ. ಅನುಪಾತ 20ರಿಂದ 18ಕ್ಕೆ ಇಳಿಯಿತು. ಮಳೆಗಾಲದ ಗಾಳಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಜನವರಿಯ ಸಣ್ಣ ಗಾಳಿಯಲ್ಲಿ ಪಕ್ಕದ ದೋಣಿ ಮುಂದೆ ಹೋಗುತ್ತಿರುತ್ತದೆ, ನಾವು ಕೈಕಟ್ಟಿ ನೋಡುತ್ತಿರುತ್ತೇವೆ.

ಕೊನೆಗೆ ನಾನು ಒಂದು ಕಟ್ಟುಪಾಡು ಹಾಕಿದೆ. ಓಡಲು ಬೇಕಾದದ್ದು ಮಾತ್ರ ದೋಣಿಗೆ ಅಂಟಬೇಕು, ಮಲಗಲು ಉಣ್ಣಲು ಬೇಕಾದದ್ದೆಲ್ಲ ಕೈಯಲ್ಲಿ ಎತ್ತಿ ದಡಕ್ಕಿಡುವಂತಿರಬೇಕು. ಕ್ಯಾಬಿನ್ ಇದೆ, ಆದರೆ ಒಳಗೆ ಕೂರಬಹುದು, ನಿಲ್ಲುವ ಹಾಗಿಲ್ಲ. ಎತ್ತರ ಕೊಟ್ಟರೆ ತೂಕ ಮೇಲಕ್ಕೆ ಹೋಗುತ್ತದೆ, ಗಾಳಿ ಅದನ್ನೇ ತಳ್ಳುತ್ತದೆ. ಮಂಚದ ಬದಲು ಎರಡು ಕಡೆ ಫೈಬರ್ ಬೆಂಚು, ಅವು ಹಲ್‌ಗೆ ಬಲವೂ ಹೌದು. ಮೇಲೆ ಮಡಚುವ ಫೋಮ್. ಒಂದು ಬರ್ನರಿನ ಚಿಕ್ಕ ಸ್ಟವ್. ನೀರಿಗೆ ಎರಡು ಕ್ಯಾನ್, ಬೋರ್ಡ್ ಪೆಟ್ಟಿಗೆಯ ಆಚೆ ಈಚೆ, ಅಂದರೆ ದೋಣಿಯ ಮಧ್ಯದಲ್ಲಿ, ತಳದಲ್ಲಿ. ರೇಸ್ ದಿನ ಎಲ್ಲ ಇಳಿಸಲು ಹತ್ತು ನಿಮಿಷ ಸಾಕು. ಹುಡುಗ ಸುಮ್ಮನಾದ. ಭಾವ ಒಪ್ಪಿದ್ದು ಕಾಫಿ ಫಿಲ್ಟರ್ ಒಳಗೆ ಹಿಡಿಸುತ್ತದೆ ಅಂತ ಖಾತ್ರಿ ಆದಮೇಲೆ.

ತೂಕ ಎಲ್ಲಿದೆ ಅನ್ನುವುದು ಎಷ್ಟಿದೆ ಅನ್ನುವಷ್ಟೇ ಮುಖ್ಯ. ಮಾಸ್ಟ್ ತುದಿಯಲ್ಲಿ ಒಂದು ಕೆಜಿ ಸೇರಿಸಿದರೆ ಅದನ್ನು ಸರಿದೂಗಿಸಲು ಕೆಳಗೆ ಸುಮಾರು ಹತ್ತು ಕೆಜಿ ಬೇಕು. ಬ್ಯಾಲಸ್ಟ್ 120ರಲ್ಲಿ 70 ಕೆಜಿ ಬೋರ್ಡ್‌ನಲ್ಲೇ ಇದೆ, 50 ಕೆಜಿ ಸೀಸ ತಳದಲ್ಲಿ.

ಹಲ್ ಆಕಾರವನ್ನು ದೋಣಿ ಡಿಸೈನಿನ ಸಾಫ್ಟ್‌ವೇರ್ ಆದ ಡೆಲ್ಫ್ಟ್‌ಶಿಪ್‌ನ ಉಚಿತ ಆವೃತ್ತಿಯಲ್ಲಿ ಬಿಡಿಸಿದೆ. ಸಣ್ಣ ಗಾಳಿಯಲ್ಲಿ ದೋಣಿಯನ್ನು ಹಿಡಿದೆಳೆಯುವುದು ನೀರಿನ ಉಜ್ಜಾಟ, ಹಾಗಾಗಿ ಒದ್ದೆಯಾಗುವ ಮೈ ಕಡಿಮೆ ಇರಬೇಕು, ತಳ ದುಂಡಗಿರಬೇಕು. ಜೋರು ಗಾಳಿಯಲ್ಲಿ ಅಲೆ ಹತ್ತಿ ಜಾರಲು ಹಿಂಭಾಗ ಚಪ್ಪಟೆ ಇರಬೇಕು. ನಾನು ಮಧ್ಯ ದುಂಡು, ಹಿಂದೆ ಚಪ್ಪಟೆ ಮಾಡಿದೆ. ಹಿಂಬದಿ ಕಿರಿದಾಗಿ ಹಿಂಡಿದಂತಿರುವ ಹಳೆ ರೇಸ್ ದೋಣಿಗಳ ಫೋಟೋ ನೋಡಿ ಮೋಸ ಹೋಗಬೇಡಿ. ಅವು 1970ರ ದಶಕದ ಐಒಆರ್ ಎಂಬ ಹ್ಯಾಂಡಿಕ್ಯಾಪ್ (ಬೇರೆ ಬೇರೆ ಅಳತೆಯ ದೋಣಿಗಳನ್ನು ಸರಿಸಮ ಮಾಡಿ ರೇಸ್ ಬಿಡುವ) ನಿಯಮಕ್ಕೆ ತಕ್ಕಂತೆ ಹುಟ್ಟಿದ ಆಕಾರ, ನೀರಿಗೆ ತಕ್ಕಂತೆ ಅಲ್ಲ. ನಮ್ಮ ಅಣೆಕಟ್ಟು ಮುಗಿದ ಅದೇ 1979ರ ಆಗಸ್ಟ್‌ನಲ್ಲಿ ಫಾಸ್ಟ್‌ನೆಟ್ ಎಂಬ ಇಂಗ್ಲೆಂಡಿನ ಸಮುದ್ರ ರೇಸ್ ಬಿರುಗಾಳಿಗೆ ಸಿಕ್ಕಿ ಹದಿನೈದು ಜನ ನಾವಿಕರು ಸತ್ತರು. ಅಗಲ ಜಾಸ್ತಿ, ತೂಕ ಕಡಿಮೆ ಇರುವ ದೋಣಿ ಮಗುಚಿದರೆ ಹಾಗೇ ಉಳಿದುಬಿಡಬಹುದು ಅನ್ನುವ ಚರ್ಚೆ ಆಮೇಲೆ ಗಂಭೀರವಾಯಿತು.

ಸಮತೋಲನಕ್ಕೆ ಹಳೆ ಉಪಾಯವೇ ಸಾಕು. ನೀರಿನ ಕೆಳಗಿನ ಪಕ್ಕದ ಆಕಾರವನ್ನು ಬೋರ್ಡ್ ಸಮೇತ ರಟ್ಟಿನಲ್ಲಿ ಕತ್ತರಿಸಿ ಸೂಜಿ ಮೇಲೆ ತೂಗಿಸಿದರೆ, ನಿಂತ ಜಾಗವೇ ನೀರು ಅಡ್ಡ ತಡೆಯುವ ಕೇಂದ್ರ. ಹಾಯಿಯ ಕೇಂದ್ರ ಅದಕ್ಕಿಂತ ಸ್ವಲ್ಪ ಮುಂದೆ ಇರಬೇಕು. ನಾನು ನೀರ್ಮಟ್ಟದ ಉದ್ದದ ಶೇ. 10ರಷ್ಟು ಮುಂದಿಟ್ಟೆ. ಗಾಳಿಯ ಗುದ್ದು ಬಂದಾಗ ದೋಣಿ ತಾನಾಗಿ ಗಾಳಿಯ ಕಡೆ ಮೂಗು ತಿರುಗಿಸಬೇಕು, ಚುಕ್ಕಾಣಿ ಕೈಗೆ ಸ್ವಲ್ಪವೇ ಭಾರ ಅನಿಸಬೇಕು.

ಫೈಬರ್ ಕೆಲಸ ನನ್ನ ಮನೆ ಕೆಲಸ ಇದ್ದ ಹಾಗೆ, ಆದರೂ ಟ್ಯಾಂಕ್ ಬೇರೆ, ದೋಣಿ ಬೇರೆ. ಟ್ಯಾಂಕಿಗೆ ಅನುಮಾನ ಬಂದರೆ ಇನ್ನೊಂದು ಮ್ಯಾಟ್ (ಗಾಜಿನೆಳೆಯ ಹಾಸು) ಹೊಡೆದುಬಿಡುತ್ತೇವೆ. ದೋಣಿಯಲ್ಲಿ ಹಾಗೆ ಹೊಡೆದ ಮ್ಯಾಟನ್ನು ಅದರ ಆಯುಷ್ಯವಿಡೀ ಹೊತ್ತು ತಿರುಗಬೇಕು. ಚದರ ಮೀಟರಿಗೆ 450 ಗ್ರಾಮಿನ ಮ್ಯಾಟ್ ಕೈಯಲ್ಲಿ ಹಾಕಿದರೆ ಗ್ಲಾಸ್ ಶೇ. 30, ಉಳಿದದ್ದು ರೆಸಿನ್, ಅಂದರೆ ಗಟ್ಟಿಯಾಗುವ ಅಂಟು. ಚದರ ಮೀಟರಿಗೆ ಒಂದೂವರೆ ಕೆಜಿ. ಅದೇ ನೇಯ್ದ ಗಾಜಿನ ಬಟ್ಟೆಯಾದ 600 ಗ್ರಾಮಿನ ರೋವಿಂಗ್‌ನಲ್ಲಿ ಗ್ಲಾಸ್ ಅರ್ಧಕ್ಕರ್ಧ, 1.2 ಕೆಜಿಯಲ್ಲಿ ಮುಗಿಯುತ್ತದೆ, ಬಲವೂ ಜಾಸ್ತಿ. ಬಲ ಕೊಡುವುದು ಗ್ಲಾಸ್, ರೆಸಿನ್ ಅಲ್ಲ. ರೋಲರ್ ಒತ್ತಿ ಹೆಚ್ಚಿನ ರೆಸಿನ್ ಹೊರಗೆ ತೆಗೆಯಿರಿ ಅಂತ ನಮ್ಮ ಹುಡುಗರಿಗೆ ಹೇಳಿ ಹೇಳಿ ಗಂಟಲು ಒಣಗಿತ್ತು.

ತಳಕ್ಕೆ ಸ್ಯಾಂಡ್‌ವಿಚ್ ಮಾಡಿದೆ: ಹೊರಗೆ ಜೆಲ್ ಕೋಟ್ (ನುಣುಪಾದ ಹೊರ ಲೇಪ), 300 ಮ್ಯಾಟ್, 450 ಮ್ಯಾಟ್, 600 ರೋವಿಂಗ್. ಮಧ್ಯೆ 10 ಮಿಮೀ ಪಿವಿಸಿ ಫೋಮ್. ಒಳಗೆ ಮತ್ತೆ 450 ಮ್ಯಾಟ್, 600 ರೋವಿಂಗ್. ಅಷ್ಟೇ ತೂಕಕ್ಕೆ ಬರೀ ಫೈಬರ್ ಹಾಕಿದ್ದರೆ 5 ಮಿಮೀ ದಪ್ಪ ಬರುತ್ತಿತ್ತು. ಫೋಮ್ ಎರಡು ಚರ್ಮಗಳನ್ನು ದೂರ ಇಡುವುದರಿಂದ ಬಿಗಿ ಹತ್ತು ಪಟ್ಟಿಗೂ ಜಾಸ್ತಿ. ಗೋವಾದಲ್ಲಿ ಕಟ್ಟಿದ, ನೌಕಾಪಡೆಯ ಮಹಿಳೆಯರು 2017-18ರಲ್ಲಿ ಭೂಮಿ ಸುತ್ತಿಬಂದ ತಾರಿಣಿಯದೂ ಇದೇ ತತ್ವ, ಅಲ್ಲಿ ಫೋಮ್ ಬದಲು ಮರ. ಬೋಲ್ಟ್ ಬರುವ ಕಡೆ, ಮಾಸ್ಟ್ ತಂತಿ ಎಳೆಯುವ ಕಡೆ, ಬೋರ್ಡ್ ಪೆಟ್ಟಿಗೆಯ ಸುತ್ತ ಫೋಮ್ ಇರಕೂಡದು. ಬಿಗಿದರೆ ಅಪ್ಪಚ್ಚಿಯಾಗುತ್ತದೆ, ಆಮೇಲೆ ನೀರು ಒಳಗೆ ಹೋಗುತ್ತದೆ. ಅಲ್ಲೆಲ್ಲ ಪೂರ್ತಿ ಫೈಬರ್.

ಕೆಲಸ ದೀಪಾವಳಿ ನಂತರ ಶುರು, ಮಾರ್ಚ್ ಒಳಗೆ ಮುಗಿಯಬೇಕು. ಮಳೆಗಾಲದ ತೇವದಲ್ಲಿ ಮ್ಯಾಟ್ ನೀರು ಕುಡಿದಿರುತ್ತದೆ, ಅಂಟು ಹಿಡಿಯುವುದಿಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ರೆಸಿನ್ ಗಟ್ಟಿಯಾಗುವುದಿಲ್ಲ, ಹತ್ತು ಗಂಟೆಯ ಬಿಸಿಲು ಬರಬೇಕು. ಆಗಲೂ ಹಾರ್ಡನರ್ ಶೇ. 1ರಿಂದ 2 ಅಷ್ಟೇ. ಹೊಸಬರಿಗೆ ಒಂದು ಮಾತು: ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಬೆರೆಸಿ, ಹಾರ್ಡನರ್ ಆಮೇಲೆ. ಎರಡನ್ನೂ ನೇರವಾಗಿ ಒಂದೇ ಡಬ್ಬಿಗೆ ಸುರಿದರೆ ಸ್ಫೋಟ ಆಗುತ್ತದೆ.

ಗಾಜಿನ ಫೈಬರ್ ನೀರಿಗಿಂತ ಭಾರ, ಅದು ತಾನಾಗಿ ತೇಲುವುದಿಲ್ಲ. ಬೆಂಚುಗಳ ಕೆಳಗೆಲ್ಲ ನೀರು ಕುಡಿಯದ ಫೋಮ್ ತುಂಬಿದ್ದೇವೆ. ನೀರಿಗಿಳಿಸಿದ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ದಡದ ಹತ್ತಿರವೇ ಮಾಸ್ಟಿಗೆ ಹಗ್ಗ ಕಟ್ಟಿ, ಅದರ ತುದಿ ನೀರಿಗೆ ತಾಗುವವರೆಗೆ ಎಳೆದು ಬಿಟ್ಟೆವು. ಎದ್ದು ನಿಂತಿತು. ವೇಗ ಲೆಕ್ಕದಂತೆ ಗಂಟೆಗೆ 10 ಕಿಮೀ ಸುತ್ತಮುತ್ತ, ಗಾಳಿ ಹಿಂದಿನಿಂದ ಗುದ್ದಿದಾಗ ಅದನ್ನೂ ದಾಟುತ್ತದೆ.

ಮೋಲ್ಡ್ ಇನ್ನೂ ಶೆಡ್ಡಿನಲ್ಲಿದೆ. ಲಕ್ಕವಳ್ಳಿ ಕಡೆಯವರೊಬ್ಬರು ಭದ್ರಾ ಹಿನ್ನೀರಿಗೆ ಇಂಥದ್ದೇ ಕೇಳಿದ್ದಾರೆ. ಅವರಿಗೆ ರೇಸ್ ಬೇಡ, ಮೊಮ್ಮಕ್ಕಳನ್ನು ಕೂರಿಸಿಕೊಂಡು ಓಡಾಡಬೇಕು. ಅದಕ್ಕೆ ಹಲ್ ಇದೇ ಇಟ್ಟು, ಹಾಯಿಯನ್ನು 120ಕ್ಕೆ ಇಳಿಸಿ, ಮಾಸ್ಟ್ ಎರಡಡಿ ಗಿಡ್ಡ ಮಾಡುತ್ತಿದ್ದೇನೆ. ಮಾಸ್ಟ್ ಗಿಡ್ಡವಾದರೆ ಹಾಯಿಯ ಕೇಂದ್ರವೂ ಸರಿಯುತ್ತದೆ, ರಟ್ಟು ಕತ್ತರಿಸಿ ಮತ್ತೆ ತೂಗಬೇಕು.